ಅವಳ ತಟ್ಟೆಯ ಕಾವಲು

ಅವನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವಳು ತಿನ್ನಲು ಶುರುಮಾಡಿಬಿಟ್ಟಿದ್ದಳು. ವಸತಿಗೃಹದ ಊಟದ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೇಜು, ಅದರ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು, ಹಾಸಿನ ಮೇಲೆ ಅವಳ ತಟ್ಟೆ, ತಟ್ಟೆಯಲ್ಲಿ ಅರ್ಧ ಕಚ್ಚಿದ ಬ್ರೆಡ್ಡು. ಅವನು ಕೊನೆಯ ಮೆಟ್ಟಿಲಿನ ಮೇಲೆ ನಿಂತುಬಿಟ್ಟ. ಅವಳ ಎದುರಿಗೆ ಕುಳಿತಿದ್ದ ಕನ್ನಡಕದಂಗಡಿಯವನು ಏನೋ ಹೇಳಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಬಾಯಲ್ಲಿ ತುತ್ತಿದ್ದಾಗ ನಗುವವರು ನಗುವ ಹಾಗೆ. ಅವಳ ಬಾಯಲ್ಲಿ ತುತ್ತಿದೆ, ಅದನ್ನು ತಾನು ನೋಡಿಲ್ಲ, ಮುಟ್ಟಿಲ್ಲ, ಮೂಸಿಲ್ಲ. ಇಷ್ಟು ವರ್ಷಗಳಲ್ಲಿ ಇಂಥದ್ದು ಆಗಿರಲಿಲ್ಲ. ಹೆದರಿಕೆಯಾಗಬೇಕಿತ್ತು, ಏನು ತಿಂದಳೋ, ಯಾವ ಹಿಟ್ಟೋ ಎಂದು. ಆದದ್ದು ಹೆದರಿಕೆಯಲ್ಲ. ರಜೆ ಮುಗಿಸಿ ಬಂದವನು ಕಚೇರಿಯಲ್ಲಿ ತನ್ನ ಕುರ್ಚಿಯ ಮೇಲೆ ಬೇರೆಯವನು ಕುಳಿತಿರುವುದನ್ನು ಕಂಡಾಗ ಆಗುತ್ತದಲ್ಲ, ಅದು. ಹೊಟ್ಟೆಕಿಚ್ಚು ಎಂದು ಅದಕ್ಕೆ ನೇರವಾದ ಹೆಸರಿದೆ. ಆದರೆ ಐವತ್ತು ದಾಟಿದ ಸರ್ಕಾರಿ ನೌಕರ, ಅದೂ ಪರದೇಶದಲ್ಲಿ, ಬೆಳಗಿನ ಹೊತ್ತು, ಬರಿಯ ಒಂದು ತುಂಡು ಬ್ರೆಡ್ಡಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಎಂದು ತನಗೆ ತಾನೇ ಹೇಳಿಕೊಳ್ಳುವುದು ಸುಲಭವಲ್ಲ.

“ಬನ್ನಿ ಭಾವ, ನಿಮಗೇ ಕಾಯ್ತಿದ್ವಿ” ಎಂದ ಕನ್ನಡಕದವನು. ಕಾಯುವವರ ಚಂದ ಇದು. “ನನ್ನ ಪೆಟ್ಟಿಗೇಲಿದ್ದ ಬ್ರೆಡ್ಡು. ಊರಿಂದ ಹೊತ್ಕೊಂಡು ಬಂದಿದ್ದೆ. ಅಕ್ಕಿಹಿಟ್ಟಿಂದು, ತಂಗಿ ಕಣ್ಮುಚ್ಕೊಂಡು ತಿನ್ಬಹುದು.”

“ಚೆನ್ನಾಗಿದೆ ರೀ” ಎಂದಳು ಅವಳು. “ಹಳೇ ದಿನದ ಬ್ರೆಡ್ಡಿನ ಹಾಗೇ ಇದೆ.”

ಅವನು ಕುರ್ಚಿ ಎಳೆದುಕೊಂಡು ಕುಳಿತ. ಅವಳಿಗೆ ಗೋಧಿ ಆಗುವುದಿಲ್ಲ. ಆಗುವುದಿಲ್ಲ ಎಂದರೆ, ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ತಿಂದರೆ ಮೈ ಕೆರೆಯುತ್ತದೆ ಎನ್ನುತ್ತಾರಲ್ಲ, ಹಾಗಲ್ಲ. ಸೀಲಿಯಾಕ್ ಎಂದು ಕಾಯಿಲೆಯ ಹೆಸರು. ಗೋಧಿಯಲ್ಲಿ, ಬಾರ್ಲಿಯಲ್ಲಿ ಇರುವ ಗ್ಲುಟೆನ್ ಎಂಬ ಅಂಟು ಒಂದು ಚೂರು ಒಳಗೆ ಹೋದರೂ ಸಾಕು, ಅವಳ ಕರುಳು ತನ್ನ ಮೇಲೆ ತಾನೇ ಯುದ್ಧ ಸಾರುತ್ತದೆ. ಎರಡು ದಿನ ನೆಲ ಹಿಡಿಯುತ್ತಾಳೆ, ಎರಡು ವಾರ ಸುಸ್ತು. ಮದ್ದಿಲ್ಲ. ತಿನ್ನದೆ ಇರುವುದೊಂದೇ ಮದ್ದು. ಆದ್ದರಿಂದ ಹೊರಗೆ ಎಲ್ಲಿ ಊಟಕ್ಕೆ ಕುಳಿತರೂ ಅವಳ ತಟ್ಟೆ ಮೊದಲು ಅವನ ಮುಂದೆ ಬರುತ್ತಿತ್ತು. ಅವನು ತಟ್ಟೆಯನ್ನು ಬೆಳಕಿಗೆ ತಿರುಗಿಸಿ ನೋಡಿ, ಬಡಿಸುವವನನ್ನು ಇನ್ನೊಮ್ಮೆ ಕೇಳಿ, ಒಂದು ತುಣುಕು ಮುರಿದು ಅರ್ಧ ತನ್ನ ಬಾಯಿಗೆ ಹಾಕಿಕೊಂಡು ಅರ್ಧ ಅವಳ ಕೈಗೆ ಕೊಡುತ್ತಿದ್ದ. ಹಾಗೆ ರುಚಿ ನೋಡಿದರೆ ಏನೂ ತಿಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮೊದಮೊದಲು ಅದೊಂದು ತಮಾಷೆ, ರಾಜನಿಗೆ ವಿಷ ಹಾಕಿದ್ದಾರೋ ಎಂದು ಆಳು ತಿಂದು ನೋಡುತ್ತಿದ್ದನಂತಲ್ಲ, ಹಾಗೆ. ಬರಬರುತ್ತ ತಮಾಷೆ ಉದುರಿಹೋಗಿ ಪದ್ಧತಿ ಉಳಿಯಿತು. ಅವನು ಮುರಿದುಕೊಡದೆ ಅವಳು ತಿನ್ನುವುದಿಲ್ಲ ಎಂದು ನೆಂಟರಲ್ಲೆಲ್ಲ ಹೆಸರಾಯಿತು. ಅವನ ಕೆಲಸವೂ ಅಂಥದ್ದೇ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷೆ ಮಾಡಿ ಮುದ್ರೆ ಒತ್ತುವವನು. ಅವನ ಮುದ್ರೆ ಬೀಳದ ತಕ್ಕಡಿಯಲ್ಲಿ ಯಾರೂ ಏನೂ ತೂಗುವಂತಿಲ್ಲ. ಮಾರುಕಟ್ಟೆಯಲ್ಲಿ ಅವನನ್ನು ಕಂಡರೆ ‘ತಕ್ಕಡಿ ಸಾಹೇಬ್ರು ಬಂದ್ರು’ ಎಂದು ವ್ಯಾಪಾರಿಗಳು ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ಆ ಪಿಸುಮಾತು ಅವನಿಗೆ ಕೇಳಿಸುತ್ತಿತ್ತು, ಹಿಡಿಸುತ್ತಿತ್ತು.

ಕನ್ನಡಕದವನು ಸಿಕ್ಕಿ ಮೂರು ದಿನವಾಗಿರಬೇಕು. ಗಂಡಹೆಂಡತಿ ಈ ವಸತಿಗೃಹಕ್ಕೆ ಬಂದ ಬೆಳಿಗ್ಗೆ ಅವನು ಎಂದಿನಂತೆ ಅಡುಗೆಮನೆಯ ಬಾಗಿಲಿಗೆ ಹೋಗಿ, ಮೊದಲೇ ಅಲ್ಲಿಯ ಭಾಷೆಯಲ್ಲಿ ಬರೆಸಿ ತಂದಿದ್ದ ಚೀಟಿಯನ್ನು ಮನೆಯೊಡತಿಗೆ ತೋರಿಸಿ, ಕೈಸನ್ನೆಯಿಂದ ಹಿಟ್ಟು, ಹೊಟ್ಟೆ, ವಾಂತಿ ಎಲ್ಲವನ್ನೂ ಅಭಿನಯಿಸುತ್ತಿದ್ದಾಗ, ಹಿಂದಿನಿಂದ ಕನ್ನಡದಲ್ಲಿ ಮಾತು ಬಂತು: “ಅಷ್ಟು ಕಷ್ಟ ಬೇಡ ಸಾರ್, ಈ ಮನೆಯಮ್ಮನಿಗೆ ನಾನು ಎಲ್ಲಾ ಹೇಳಿ ಆಗಿದೆ. ನಂದೂ ಅದೇ ಕಾಯಿಲೆ.” ತಿರುಗಿ ನೋಡಿದರೆ ಬೋಳುತಲೆ, ದೊಡ್ಡ ಕಿವಿ, ಕುಳಿತರೆ ಮೇಜಿಗೆ ತಾಗುವ ಹೊಟ್ಟೆ, ಊರಿನಲ್ಲಿರುವ ತನ್ನ ಕನ್ನಡಕದಂಗಡಿಯ ಜಾಹೀರಾತಿನ ಹಾಗೆ ಮೂಗಿನ ಮೇಲೊಂದು ದಪ್ಪ ಕನ್ನಡಕ. ನಂದೂ ಅದೇ ಕಾಯಿಲೆ ಎಂದು ಹೇಳುವಾಗ ಆ ಮುಖದಲ್ಲಿ ಏನು ಹಿಗ್ಗು! ಅವಳ ಮುಖದಲ್ಲಿ ಅದಕ್ಕಿಂತ ಹೆಚ್ಚು. ಕಾಯಿಲೆ ಗೊತ್ತಾದಂದಿನಿಂದ ಅವಳು ಅದೇ ಕಾಯಿಲೆಯ ಇನ್ನೊಬ್ಬರನ್ನು ಕಣ್ಣಾರೆ ಕಂಡಿರಲಿಲ್ಲ. ಅಂದಿನಿಂದ ಕನ್ನಡಕದವನು ಅವಳನ್ನು ತಂಗಿ ಎಂದ, ಅವನನ್ನು ಭಾವ ಎಂದ. ಅಲ್ಲಿಗೆ ಅವನ ಕೈ ಕಟ್ಟಿಹಾಕಿದಂತಾಯಿತು. ಆಸಾಮಿ ರೂಪವಂತನಾಗಿದ್ದರೆ, ಪೋಲಿಯಾಗಿದ್ದರೆ, ಸಿಟ್ಟಾಗಲು ಒಂದು ನೆವವಾದರೂ ಇರುತ್ತಿತ್ತು. ತಂಗಿ ಎಂದು ಕರೆಯುವ ಬೋಳುತಲೆಯವನ ಮೇಲೆ ಹೊಟ್ಟೆ ಉರಿಸಿಕೊಂಡರೆ ಜನ ಯಾವುದರಿಂದ ನಗುತ್ತಾರೋ ದೇವರೇ ಬಲ್ಲ.

ಅವರಿಬ್ಬರ ಮಾತು ಕೇಳುವುದೇ ಒಂದು ಶಿಕ್ಷೆ. ಯಾವ ಊರಿನ ಯಾವ ಹೋಟೆಲಿನಲ್ಲಿ ಏನು ತಿಂದು ಕೆಟ್ಟೆ, ಬಸ್ಸನ್ನು ಎಲ್ಲಿ ನಿಲ್ಲಿಸಿದೆ, ಮದುವೆಮನೆಯ ಕಕ್ಕಸಿನಲ್ಲಿ ಎಷ್ಟು ಹೊತ್ತು ಕುಳಿತಿದ್ದೆ, ಹೊರಗೆ ಸಾಲು ನಿಂತವರು ಏನೆಂದರು. ಚಹಾ ಬಟ್ಟಲು ಹಿಡಿದುಕೊಂಡು ಇಂಥದ್ದನ್ನೆಲ್ಲ ಹೇಳಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುವುದು. ಗಂಡನ ಎದುರು ಅವಳು ಈವರೆಗೆ ಆ ವಿಷಯವನ್ನು ‘ಹೊಟ್ಟೆ ಸರಿಯಿಲ್ಲ’ ಎನ್ನುವುದಕ್ಕಿಂತ ಮುಂದಕ್ಕೆ ಒಯ್ದವಳಲ್ಲ. ನಿನ್ನೆ ಸಂಜೆ ಕನ್ನಡಕದವನು ಹೇಳಿದ, ತನಗೊಂದು ಕನಸು ಬೀಳುತ್ತದೆ ಎಂದು. ಕನಸಿನಲ್ಲಿ ಬನ್ನು ತಿನ್ನುತ್ತಿರುತ್ತಾನಂತೆ, ಮೆತ್ತಗಿನದು, ಸಕ್ಕರೆ ಉದುರಿಸಿದ್ದು. ತಿಂದು ಮುಗಿಸಿದ ಮೇಲೆ ಅಯ್ಯೋ ತಿಂದುಬಿಟ್ಟೆನಲ್ಲ ಎಂದು ಎದೆ ಒಡೆದಂತಾಗಿ ಎಚ್ಚರವಾಗುತ್ತದಂತೆ. ಅವಳು ಬಟ್ಟಲನ್ನು ಕೆಳಗಿಟ್ಟಳು. “ನನಗೂ” ಎಂದಳು. “ಅದೇ ಬನ್ನು. ಎದ್ದು ಬಾಯಿ ಮುಟ್ಟಿ ನೋಡ್ಕೊತೀನಿ.” ಅವನು ಮೂರನೆಯವನಾಗಿ ಪಕ್ಕದಲ್ಲಿ ಕುಳಿತಿದ್ದ. ಒಂದೇ ಹಾಸಿಗೆಯಲ್ಲಿ ಅವಳ ಮಗ್ಗುಲಲ್ಲಿ ಮಲಗಿರುತ್ತಾನೆ, ಅವಳು ಎದ್ದು ಬಾಯಿ ಮುಟ್ಟಿಕೊಳ್ಳುವುದು ಅವನಿಗೆ ಗೊತ್ತಿಲ್ಲ. ಕೋಣೆಗೆ ಬಂದ ಮೇಲೆ ಕೇಳಿದ, ನನಗ್ಯಾಕೆ ಒಂದು ದಿನವೂ ಹೇಳಲಿಲ್ಲ ಎಂದು. ಅವಳು ಕಿವಿಯ ಓಲೆ ಬಿಚ್ಚುತ್ತಾ, “ಹೇಳಿದ್ರೆ ನೀವು ಬೇಜಾರು ಮಾಡ್ಕೊತಿದ್ರಿ. ಆಮೇಲೆ ನಿಮ್ಮನ್ನ ಸಮಾಧಾನ ಮಾಡೋದು ನನಗೆ ಇನ್ನೊಂದು ಕೆಲಸ” ಎಂದಳು. ಸಿಟ್ಟಿನಿಂದಲ್ಲ. ಹವಾಮಾನದ ವಿಷಯ ಹೇಳುವಂತೆ ಹೇಳಿದಳು.

ಮೂವರೂ ಹೊರಗೆ ಹೊರಟರು. ಕನ್ನಡಕದವನು ಒಂದು ಹೋಟೆಲು ಪತ್ತೆ ಮಾಡಿದ್ದನಂತೆ. ಅಲ್ಲಿ ಗೋಧಿ ಮುಟ್ಟದವರಿಗೇ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಚಾಕು. ಎರಡು ದಿನ ಅಲ್ಲೇ ಉಂಡು ಬದುಕಿದ್ದೇನೆ, ಮಧ್ಯಾಹ್ನ ಅಲ್ಲಿಗೇ ಹೋಗೋಣ ಎಂದ. ಕಾಲುದಾರಿಯಲ್ಲಿ ಇಬ್ಬರಿಗೆ ಮಾತ್ರ ಜಾಗ. ಮೊದಲು ಅವನೂ ಅವಳೂ ಜೊತೆಗೆ ನಡೆದರು, ಕನ್ನಡಕದವನು ಹಿಂದೆ. ಒಂದು ತಿರುವಿನಲ್ಲಿ ಎದುರಿಗೆ ಮಗುವಿನ ತಳ್ಳುಗಾಡಿ ಬಂತು, ಅವನು ಪಕ್ಕಕ್ಕೆ ಸರಿದ, ಗಾಡಿ ದಾಟಿದ ಮೇಲೆ ನೋಡಿದರೆ ಅವರಿಬ್ಬರು ಮುಂದೆ, ಅವನು ಹಿಂದೆ. ಹೀಗೇ ಆಗುವುದು. ಯಾರೂ ಬೇಕೆಂದು ಮಾಡುವುದಿಲ್ಲ. ಅವಳ ಬೆನ್ನು ನೋಡುತ್ತ ನಡೆದ. ಆ ಬೆನ್ನು ಒಂದು ಕಾಲದಲ್ಲಿ ಎಲುಬಿನ ಗೂಡಾಗಿತ್ತು. ಕಾಯಿಲೆಗೆ ಹೆಸರು ಸಿಗುವುದಕ್ಕೆ ಮುಂಚೆ, ಡಾಕ್ಟರುಗಳೆಲ್ಲ ಮನಸ್ಸಿನ ಕಾಯಿಲೆ, ಓಡಾಡಲಿ, ಸರಿಹೋಗುತ್ತಾರೆ ಎನ್ನುತ್ತಿದ್ದ ದಿನಗಳಲ್ಲಿ, ಒಂದು ಭಾನುವಾರ ಅವಳ ಅಣ್ಣ ಅತ್ತಿಗೆ ಊಟಕ್ಕೆ ಬಂದಿದ್ದರು. ಅವಳು ಹೊಟ್ಟೆನೋವೆಂದು ತಟ್ಟೆ ಸರಿಸಿದಳು. ಅವನು ನಗುತ್ತ, ಎಲ್ಲರಿಗೂ ಕೇಳುವಂತೆ, “ಪಾತ್ರೆ ತೊಳೆಯೋ ಹೊತ್ತಿಗೆ ಸರಿಯಾಗಿ ಬರುತ್ತೆ ಈ ನೋವು” ಎಂದಿದ್ದ. ಎಂದು, ತನ್ನ ತಟ್ಟೆಯಿಂದ ಬಿಸಿ ಗೋಧಿರೊಟ್ಟಿ ತೆಗೆದು ಅವಳ ತಟ್ಟೆಗೆ ಹಾಕಿ, ತಿನ್ನು, ಗಟ್ಟಿಯಾಗ್ತೀಯ ಎಂದಿದ್ದ. ಅವಳು ತಿಂದಿದ್ದಳು. ಕಾಯಿಲೆಯ ಹೆಸರು ಗೊತ್ತಾದ ದಿನ ಅವನು ಮನೆಯ ಗೋಧಿಹಿಟ್ಟಿನ ಡಬ್ಬವನ್ನು ತೊಳೆದಿಡಲೂ ಮನಸ್ಸಾಗದೆ ಡಬ್ಬದ ಸಮೇತ ಎಸೆದು ಬಂದ, ನಾನೂ ಇನ್ನು ಮುಟ್ಟುವುದಿಲ್ಲ ಎಂದ, ಮುಟ್ಟಲಿಲ್ಲ. ಕಚೇರಿಯಲ್ಲಿ ಬರ್ತ್‌ಡೇ ಕೇಕು ಬಂದರೆ ಕೈಮುಗಿದು ಬೇಡವೆನ್ನುತ್ತಿದ್ದ, ಯಾಕೆಂದು ಕೇಳುವವರಿದ್ದರು, ಹೇಳುತ್ತಿದ್ದ, ಅವರು ‘ಇಂಥ ಗಂಡ ಎಲ್ಲಿ ಸಿಗ್ತಾರೆ’ ಎನ್ನುತ್ತಿದ್ದರು. ಆ ಮಾತು ಕೇಕಿಗಿಂತ ಸಿಹಿ. ರೊಟ್ಟಿಯ ವಿಷಯ ಅವಳು ಮತ್ತೆ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅವಳ ತಟ್ಟೆ ಕಾಯುತ್ತಿರುವವರೆಗೆ ಆ ಸಾಲ ಸಂದಾಯವಾಗುತ್ತ ಹೋಗುತ್ತದೆ ಎಂದು ನಂಬಿದ್ದ. ಈಗ ಈ ಮನುಷ್ಯ ಬಂದು ಕಾವಲಿನ ಕೆಲಸವನ್ನೇ ಕಿತ್ತುಕೊಂಡರೆ ತನ್ನ ಬಳಿ ಉಳಿಯುವುದು ಆ ಭಾನುವಾರ ಒಂದೇ.

ಮುಂದೆ ಅವಳು ಮತ್ತೆ ನಕ್ಕಳು. ಅವನು ನಿಂತ. “ನೀವು ಹೋಗ್ತಾ ಇರಿ. ನನ್ನ ವಾಚಿನ ಸೆಲ್ ಹೋಗಿದೆ, ಹಾಕಿಸ್ಕೊಂಡು ಬರ್ತೀನಿ” ಎಂದ. ವಾಚು ಸರಿಯಾಗಿಯೇ ಓಡುತ್ತಿತ್ತು. ನಾನೂ ಬರ್ತೀನಿ ಎನ್ನಲಿ ಎಂಬುದೇ ಅವನ ಆಸೆ. ಚಿಕ್ಕ ಮಕ್ಕಳು ಮುನಿಸಿಕೊಂಡು ಬಾಗಿಲ ಹಿಂದೆ ನಿಲ್ಲುತ್ತಾರಲ್ಲ, ಯಾರಾದರೂ ಹುಡುಕಲಿ ಎಂದು. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, “ಆಯ್ತು, ಬೇಗ ಬನ್ನಿ” ಎಂದಳು. ಕನ್ನಡಕದವನು ಹೋಟೆಲಿಗೆ ದಾರಿ ಹೇಳಿದ, ಎರಡು ಸಲ ಹೇಳಿದ, ಗಡಿಯಾರದ ಅಂಗಡಿ ಎಲ್ಲಿದೆಯೆಂಬುದನ್ನೂ ಹೇಳಿದ. ಆ ಉಪಕಾರ ಬೇರೆ.

ಬೇಕರಿಯನ್ನು ಅವನು ಹುಡುಕಿಕೊಂಡು ಹೋಗಲಿಲ್ಲ. ಎದುರಿಗೇ ಇತ್ತು. ಇಷ್ಟು ವರ್ಷ ಬೇಕರಿ ಕಂಡರೆ ಅವಳ ತೋಳು ಹಿಡಿದು ರಸ್ತೆಯ ಆಚೆ ಬದಿಗೆ ದಾಟಿಸುತ್ತಿದ್ದ. ಗಾಳಿಯಲ್ಲೇ ಹಿಟ್ಟು ಹಾರಾಡುತ್ತಿರುತ್ತದೆ. ಇಂದು ದಾಟಿಸಲು ಜೊತೆಯಲ್ಲಿ ಅವಳಿರಲಿಲ್ಲ. ಗಾಜಿನ ಹಿಂದೆ ತಟ್ಟೆಗಳಲ್ಲಿ ಎಲ್ಲವೂ ಇತ್ತು, ನಡುವೆ ಪದರ ಪದರದ, ಮೇಲೆ ಸಕ್ಕರೆಪುಡಿ ಉದುರಿಸಿದ ಬನ್ನೂ ಇತ್ತು. ಅವರಿಬ್ಬರ ಕನಸಿನ ಬನ್ನು. ಹಸಿವಾಗಿದ್ದರಿಂದ ತಿಂದ ಎಂದು ಆಮೇಲೆ ತನಗೇ ಹೇಳಿಕೊಂಡು ನೋಡಿದ, ಮಾತು ನಿಲ್ಲಲಿಲ್ಲ. ಅವರಿಬ್ಬರೂ ಸೇರಿ ಕನಸಿನಲ್ಲಿ ಮಾತ್ರ ತಿನ್ನಬಲ್ಲದ್ದನ್ನು ತಾನು ಹಾಡುಹಗಲಲ್ಲಿ ನಿಂತು ತಿನ್ನಬಲ್ಲೆ ಎಂಬುದಕ್ಕೇ ತಿಂದ. ಬೆರಳು ತೋರಿಸಿದ, ಅಂಗಡಿಯ ಹೆಂಗಸು ಕಾಗದದಲ್ಲಿ ಸುತ್ತಿ ಕೊಟ್ಟಳು. ಗೋಡೆಯ ಕಡೆ ಮುಖ ಮಾಡಿ, ಎರಡು ಕೈಯಿಂದ ಮುರಿದು ಬಾಯಿಗೆ ತುಂಬಿಕೊಂಡ. ಹೊರಪದರ ಗರಿಗರಿಯಾಗಿ ಪುಡಿಯಾಯಿತು, ಒಳಗೆ ಬೆಚ್ಚಗೆ, ಬೆಣ್ಣೆ, ಹಲ್ಲಿಗೆ ಸಿಕ್ಕಿ ಎಳೆದರೆ ಬರುವ ಆ ಜಿಗುಟು, ಅಕ್ಕಿ ಜೋಳಗಳಿಗೆ ಏಳು ಜನ್ಮಕ್ಕೂ ಬಾರದ ಜಿಗುಟು. ಕಣ್ಣಲ್ಲಿ ನೀರು ಬಂತು. ತನ್ನ ಹೊಟ್ಟೆ ಏನಾದರೂ ತಕರಾರು ತೆಗೆದೀತೆಂದು ಕಾದ, ಇಷ್ಟು ವರ್ಷದ ಮೇಲೆ ಅಲ್ಲವೇ. ಹೊಟ್ಟೆ ಏನೂ ಅನ್ನಲಿಲ್ಲ. ಊರಿಗೆ ಮರಳಿದ ಮಗನನ್ನು ತಾಯಿ ಒಳಗೆ ಕರೆದುಕೊಂಡಂತೆ ಕರೆದುಕೊಂಡಿತು. ಅದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವೆನಿಸಿತು. ಎಷ್ಟು ವ್ರತ ಮಾಡಿದರೂ ಅವನ ಕರುಳು ಅವರ ಜಾತಿಗೆ ಸೇರಲಿಲ್ಲ. ಅವರು ಆ ಕಡೆಯವರು, ಇವನು ಈ ಕಡೆಯವನು, ಕನ್ನಡಕದವನು ನಿನ್ನೆ ಮೊನ್ನೆ ಬಂದವನಾದರೂ ಆ ಕಡೆಯವನೇ.

ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಡೆದ. ಹೋಟೆಲಿಗೆ ಹೋದ ಕೂಡಲೇ ಕೈಬಾಯಿ ತೊಳೆದುಕೊಳ್ಳಬೇಕು ಎಂಬುದು ನೆನಪಿತ್ತು. ಅದು ಮರೆಯುವ ವಿಷಯವೇ ಅಲ್ಲ. ಮನೆಗೆ ಬಂದ ನೆಂಟರ ಕೈಯನ್ನೂ ತೊಳೆಸಿದ ಮನುಷ್ಯ ಅವನು. ದಾರಿಯಲ್ಲಿ ಹೋಗುತ್ತ, ಅವರಿಬ್ಬರು ಊಟ ಶುರುಮಾಡಿರುತ್ತಾರೆ, ತನಗಾಗಿ ಒಂದು ಖಾಲಿ ಕುರ್ಚಿ ಇರುತ್ತದೆ, ಬನ್ನಿ ಭಾವ ಎನ್ನುತ್ತಾನೆ, ಅವಳು ತುಂಬಿದ ಬಾಯಲ್ಲಿ ನಗುತ್ತಾಳೆ ಎಂದು ಇಡೀ ದೃಶ್ಯವನ್ನು ಕಟ್ಟಿಕೊಂಡು, ಅದಕ್ಕೆ ಬೇಕಾದ ಸಿಟ್ಟನ್ನೂ ಸಿದ್ಧ ಮಾಡಿಕೊಂಡು ಹೋದ.

ಅವರು ಶುರುಮಾಡಿರಲಿಲ್ಲ. ಮೇಜಿನ ನಡುವೆ ಬಿದಿರಿನ ಬುಟ್ಟಿ, ಅದರಲ್ಲಿ ಆಗಷ್ಟೇ ಒಲೆಯಿಂದ ಬಂದ ಜೋಳದ ಹಿಟ್ಟಿನ ಎರಡು ದುಂಡು ಬ್ರೆಡ್ಡುಗಳು, ಹಬೆಯಾಡುತ್ತಿದ್ದವು. ಎರಡು ಬಟ್ಟಲು ಸೂಪು ಮುಟ್ಟದೆ ಕುಳಿತಿತ್ತು. ಕನ್ನಡಕದವನ ಮುಖ ಸ್ವಲ್ಪ ಸಪ್ಪಗಿತ್ತು. “ನೋಡಿ ಭಾವ, ಸೂಪು ಆರಿಹೋಗುತ್ತೆ ಅಂತ ಆಗಿನಿಂದ ಹೇಳ್ತಿದೀನಿ. ನೀವು ಬಂದು ಮುರಿದುಕೊಡ್ದೆ ತಿನ್ನಲ್ವಂತೆ. ನನ್ನ ಮಾತಿಗೆ ಬೆಲೆಯೇ ಇಲ್ಲ” ಎಂದ.

“ಬೆಳಿಗ್ಗೆ ತಿಂದಿದ್ದಕ್ಕೇ ಮುಖ ಊದಿಸ್ಕೊಂಡಿದ್ರು” ಎಂದಳು ಅವಳು, ಕನ್ನಡಕದವನ ಕಡೆ ನೋಡಿ, ಕೊಂಚ ತಮಾಷೆಯಾಗಿ, ಕೊಂಚ ನಾಚಿಕೆಯಿಂದ. ಬುಟ್ಟಿಯನ್ನು ಅವನ ಕಡೆಗೆ ತಳ್ಳಿದಳು. “ಮುರೀರಿ.”

ಅವನ ಎದೆ ಒಮ್ಮೆಲೇ ಹಗುರಾಯಿತು. ಬಿಸಿಲು ಬಂದಂತಾಯಿತು ಎಂದರೆ ಹೆಚ್ಚಾಗಲಾರದು. ಎರಡು ಸೂಪು ಆರುತ್ತಾ ಕುಳಿತಿದ್ದು ತನಗಾಗಿ. ಒಂದೇ ಕಾಯಿಲೆಯವನು ಎದುರಿಗಿದ್ದೂ, ಬೇರೆ ಒಲೆ ಬೇರೆ ಚಾಕುಗಳ ಸಾಕ್ಷಿಯಿದ್ದೂ, ಅವಳು ತನ್ನ ಕೈಗಾಗಿ ಕಾದಿದ್ದಾಳೆ. ಕೈ. ಅವನಿಗೆ ಕೈ ನೆನಪಾಯಿತು. ಕೈ ತೊಳೆಯುವ ಬೇಸಿನ್ನು ಅಲ್ಲೇ ಹಿಂದೆ, ನಾಲ್ಕು ಹೆಜ್ಜೆಯಲ್ಲಿ ಕಾಣುತ್ತಿತ್ತು. ಒಂದು ನಿಮಿಷ, ಕೈ ತೊಳ್ಕೊಂಡು ಬಂದೆ ಎಂದರೆ ಮುಗಿಯಿತು. ಜಗತ್ತಿನಲ್ಲಿ ಅದಕ್ಕಿಂತ ಸಹಜವಾದ ಮಾತಿಲ್ಲ. ಆದರೆ ಕನ್ನಡಕದವನು ನೋಡುತ್ತಿದ್ದ. ಆ ದಪ್ಪ ಗಾಜಿನ ಹಿಂದೆ ದೊಡ್ಡದಾಗಿ ಕಾಣುವ ಕಣ್ಣುಗಳಲ್ಲಿ, ಮೊದಲ ಸಲ, ಒಂದು ಹಂಬಲವಿತ್ತು. ತನಗೆ ಮುರಿದುಕೊಡುವವರು ಇಲ್ಲವಲ್ಲ ಎಂಬ ಹಂಬಲ. ಇವನಿಗೂ ಹೊಟ್ಟೆಕಿಚ್ಚು! ಈ ಗಳಿಗೆ ಎದ್ದು ಹೋದರೆ ಅದು ಕೈಜಾರುತ್ತದೆ. ಕೈ ಯಾಕೆ ತೊಳೆಯಬೇಕು, ಎಲ್ಲಿಗೆ ಹೋಗಿದ್ದೆ, ಏನು ಮುಟ್ಟಿದೆ ಎಂಬ ಪ್ರಶ್ನೆ ಬರುತ್ತದೆ. ಪ್ಯಾಂಟಿಗೆ ಒರೆಸಿದ್ದೇನಲ್ಲ ಎಂದುಕೊಂಡ. ಮುದ್ರೆಯಿಲ್ಲದ ಬಟ್ಟಿನ ವ್ಯಾಪಾರಿಗಳು ಅವನಿಗೆ ಹೇಳುತ್ತಿದ್ದುದೂ ಇಂಥದ್ದನ್ನೇ, ಒಂದು ಚೂರು ತಾನೇ ಸ್ವಾಮಿ ಎಂದು. ಬುಟ್ಟಿಗೆ ಕೈ ಹಾಕಿದ. ಒಂದು ದುಂಡು ಬ್ರೆಡ್ಡನ್ನು ಎರಡು ಕೈಯಿಂದಲೂ ಹಿಡಿದು, ಬೇಕೆಂದೇ ನಿಧಾನವಾಗಿ, ಕನ್ನಡಕದವನಿಗೆ ಚೆನ್ನಾಗಿ ಕಾಣುವಂತೆ ಮುರಿದ. ಒಂದು ತುಣುಕನ್ನು ಎರಡು ಮಾಡಿ ಅರ್ಧ ಬಾಯಿಗೆ ಹಾಕಿಕೊಂಡ. ಅರ್ಧ ಅವಳಿಗೆ ಕೊಟ್ಟ.

ಅವಳು ಕೂಡಲೇ ತಿನ್ನಲಿಲ್ಲ. ತುಣುಕನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಅವನ ಮುಖವನ್ನೇ ನೋಡಿದಳು. ಮದುವೆಯಾದ ಹೊಸದರಲ್ಲಿ ಹಾಗೆ ನೋಡುತ್ತಿದ್ದಳು ಎಂದು ಅವನಿಗೆ ಅನಿಸಿತು. ನಕ್ಕ. ಅವಳು ನಗಲಿಲ್ಲ, ಕಣ್ಣು ತಗ್ಗಿಸಿ, ತುಣುಕನ್ನು ಬಾಯಿಗೆ ಹಾಕಿಕೊಂಡು ಅಗಿದಳು. ಕನ್ನಡಕದವನು ಬುಟ್ಟಿಯಲ್ಲಿದ್ದ ಇನ್ನೊಂದು ಬ್ರೆಡ್ಡನ್ನು ತಾನೇ ಮುರಿದುಕೊಂಡು ತಿಂದ. ಊಟ ಬಹಳ ಚೆನ್ನಾಗಿತ್ತು. ಅವನು ತಕ್ಕಡಿಯಲ್ಲಿ ಮೋಸ ಮಾಡುವವರ ಹತ್ತು ಉಪಾಯಗಳನ್ನು ರಸವತ್ತಾಗಿ ವರ್ಣಿಸಿದ, ಕನ್ನಡಕದವನು ಹೊಟ್ಟೆ ಕುಣಿಸಿ ನಕ್ಕ, ಪಾಪ ಮನುಷ್ಯ ಒಳ್ಳೆಯವನೇ ಎನಿಸಿತು. ಗೆದ್ದವನಿಗೆ ಎಲ್ಲರೂ ಒಳ್ಳೆಯವರು.

ಅವಳಿಗೆ ಶುರುವಾದದ್ದು ಕೋಣೆಗೆ ಬಂದು ಸ್ವಲ್ಪ ಹೊತ್ತಿನ ಮೇಲೆ. ಮೊದಲು ಮಂಚದ ತುದಿಯಲ್ಲಿ ಕುಳಿತು ಹೊಟ್ಟೆ ಒತ್ತಿಕೊಂಡಳು, ಆಮೇಲೆ ಎದ್ದು ಬಚ್ಚಲಿಗೆ ಹೋದವಳು ಬಾಗಿಲು ಹಾಕಲೂ ವ್ಯವಧಾನವಿಲ್ಲದೆ ಕುಸಿದಳು. ಅವನು ಹಿಂದಿನಿಂದ ಹಣೆ ಹಿಡಿದುಕೊಂಡ. ಹಣೆ ಹಿಡಿಯುವುದು ಅವನಿಗೆ ಗೊತ್ತು, ಯಾವಾಗ ನೀರು ಕೊಡಬೇಕು, ಯಾವಾಗ ಕೊಡಬಾರದು, ಎಲ್ಲ ಗೊತ್ತು. ವಾಂತಿಯ ನಡುವೆ ಅವಳ ಮೈ ನಡುಗುತ್ತಿತ್ತು. ಕಿಟಕಿಯಾಚೆ ಹಗಲು ಹಾಗೇ ಇತ್ತು, ಕೆಳಗೆ ಸೈಕಲ್ಲಿನ ಗಂಟೆ, ಮಕ್ಕಳ ಕೂಗು. ಒದ್ದೆ ಬಟ್ಟೆಯಿಂದ ಅವಳ ಬಾಯಿ ಒರೆಸುತ್ತ ಅವನು ತನ್ನ ಕೈಗಳನ್ನು ನೋಡಿದ. ಕೋಣೆಗೆ ಬಂದ ಮೇಲೆ ಮೂರು ಸಲ ಸೋಪು ಹಾಕಿ ತೊಳೆದಿದ್ದ, ಬಿಳಿಚಿಕೊಂಡಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಾಗಿಲು ತಟ್ಟಿದರು. ಕನ್ನಡಕದವನು, ಗೋಡೆಯಾಚೆಯ ಕೋಣೆ ಅವನದು, ಸದ್ದು ಕೇಳಿಸಿರಬೇಕು. ಅವನು ಬಾಗಿಲನ್ನು ಅರೆ ತೆರೆದು ಹೊರಗೆ ಬಂದು ಹಿಂದಿನಿಂದ ಮುಚ್ಚಿಕೊಂಡ.

“ತಂಗಿಗೆ ಏನಾಯ್ತು ಭಾವ? ಅದೇನಾ? ನಾನು ತಿಂದಿದ್ದೂ ಅದೇ ಬುಟ್ಟೀದು. ನನಗೇನೂ ಆಗಿಲ್ವಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಹೆಗಲು ಮುಟ್ಟಿಕೊಳ್ಳುವ ಬದಲು ಏರಿಹೋದ. “ನಿಮಗೆ ಆಗ್ದೇ ಇದ್ರೆ? ಎಲ್ಲರ ಹೊಟ್ಟೇನೂ ನಿಮ್ಮ ಹೊಟ್ಟೆಯೇನ್ರೀ? ನಿಮ್ಮ ಮಾತು ಕೇಳಿದ್ದಕ್ಕೆ ಈ ಗತಿ. ಬೇರೆ ಒಲೆಯಂತೆ, ಬೇರೆ ಚಾಕುವಂತೆ. ಇಷ್ಟು ವರ್ಷ ನನ್ನ ಕೈಲಿ ಒಂದು ದಿನ ಹೀಗಾಗಿರಲಿಲ್ಲ. ನೀವು ಬಂದಿರಿ, ಮೂರೇ ದಿನದಲ್ಲಿ ಮಲಗಿಸಿದ್ರಿ.”

ಹೇಳುತ್ತ ಹೇಳುತ್ತ ಅವನಿಗೇ ಅದು ನಿಜವೆನಿಸತೊಡಗಿತು. ಕನ್ನಡಕದವನ ಬೋಳುತಲೆಯ ಮೇಲೆ ಬೆವರು ಒಡೆಯಿತು. “ಇರಬಹುದು ಭಾವ, ಇರಬಹುದು. ಈಗ್ಲೇ ಹೋಗಿ ಕೇಳ್ಕೊಂಡು ಬರ್ತೀನಿ. ಅಡುಗೆಮನೆಗೇ ನುಗ್ತೀನಿ” ಎನ್ನುತ್ತ, ಚಪ್ಪಲಿಯ ಒಂದು ಪಟ್ಟಿ ಸರಿಯಾಗಿ ಹಾಕಿಕೊಳ್ಳದೆ, ಮೆಟ್ಟಿಲಿಳಿದು ಹೋದ.

ಒಳಗೆ ಬಂದಾಗ ಅವಳು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿದೆ ಎಂದುಕೊಂಡು ಅವನು ಕುರ್ಚಿಯ ಮೇಲೆ ಸದ್ದಾಗದಂತೆ ಕುಳಿತ.

“ಅವರಿಗೆ ಯಾಕೆ ಬೈದ್ರಿ?” ಎಂದಳು, ತಿರುಗದೆ.

“ಇನ್ನೇನು ಮತ್ತೆ? ಅವನು ಕರ್ಕೊಂಡು ಹೋದ ಜಾಗ...”

“ನಿಮ್ಮ ಮೀಸೆ ಮೇಲಿತ್ತು.”

ಅವನ ಕೈ ಮೀಸೆಗೆ ಹೋಯಿತು.

“ಸಕ್ಕರೆಪುಡಿ. ಅಂಗಿ ಮೇಲೆ ಬನ್ನಿನ ಪುಡಿ. ನೀವು ಬಗ್ಗಿದಾಗ ಬೆಣ್ಣೆ ವಾಸನೆ ಬಂತು.” ಒಂದೊಂದು ಮಾತಿಗೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದಳು. “ನನಗೆ ಆ ವಾಸನೆ ಗೊತ್ತಾಗ್ದೆ ಇರುತ್ತಾ?”

“ಗೊತ್ತಿದ್ದೂ ತಿಂದ್ಯಾ?” ಅವನ ಧ್ವನಿ ಅವನಿಗೇ ಪರಕೀಯವಾಗಿ ಕೇಳಿಸಿತು. “ಯಾಕೆ?”

“ನೀವು ಹೇಳ್ತೀರ ಅಂತ ಕಾದೆ. ಕೈಲಿ ಹಿಡ್ಕೊಂಡು ಕಾದೆ. ತಿನ್ಬೇಡ ಕಣೇ, ಕೈ ತೊಳೆದಿಲ್ಲ ಅಂತ ಒಂದು ಮಾತು. ಅಷ್ಟೆ. ನೀವು ನಕ್ರಿ.” ಈಗ ತಿರುಗಿದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕಣ್ಣು ಮಾತ್ರ ಸ್ವಚ್ಛವಾಗಿತ್ತು. “ಅವರ ಮುಂದೆ ನಾನು ಬೇಡ ಅಂದಿದ್ರೆ ನಿಮ್ಮ ಮುಖ ಎಲ್ಲಿಡ್ತಿದ್ರಿ? ಎಲ್ಲರ ಹತ್ರ ಹೇಳ್ಕೊಂಡು ಬಂದಿದೀರಲ್ಲ, ಇವಳಿಗೋಸ್ಕರ ಗೋಧಿ ಬಿಟ್ಟೆ ಅಂತ. ಅದೊಂದನ್ನ ಯಾಕೆ ಕಿತ್ಕೋಬೇಕು ಅನ್ಸ್ತು. ಒಂದು ಚೂರು ತಾನೇ, ಆದದ್ದಾಗ್ಲಿ ಅಂದ್ಕೊಂಡೆ. ಆವತ್ತು ಅಣ್ಣನ ಮುಂದೆ ರೊಟ್ಟಿ ಹಾಕಿದ್ರಲ್ಲ, ಆವತ್ತೂ ಹಂಗೇ ತಿಂದಿದ್ದು.”

ಅವನು ಅವಳ ಕಾಲ ಬಳಿಗೆ ಬಂದು ಕುಳಿತ. ಕಾಲು ಮುಟ್ಟಲು ಕೈ ಚಾಚಿದ, ಮುಟ್ಟಬಹುದೋ ಬಾರದೋ ತಿಳಿಯದೆ ಹೊದಿಕೆಯ ಅಂಚನ್ನು ಹಿಡಿದುಕೊಂಡ. ತಪ್ಪಾಯಿತು ಎನ್ನಬೇಕೆಂದುಕೊಂಡ. ಅವಳು ಎರಡು ಸಲ, ಮೂರು ಸಲ ಹೊಟ್ಟೆಯೊಳಗೆ ಬಿಗಿದು ಬಂದ ನೋವನ್ನು ಕಣ್ಣುಮುಚ್ಚಿ ದಾಟಿಸಿದಳು. ಆಮೇಲೆ, “ಇನ್ಮೇಲೆ ನನ್ನ ತಟ್ಟೆ ನಾನೇ ನೋಡ್ಕೊತೀನಿ. ನೀವು ಬೇಕಾದ್ದು ತಿನ್ನಿ” ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವನು ಹಿಡಿದುಕೊಂಡು ಬದುಕುತ್ತಿದ್ದ.

ಮತ್ತೆ ಬಾಗಿಲು ತಟ್ಟಿದ ಸದ್ದಾಯಿತು.

“ತೆಗೀರಿ. ಜಗಳ ಆಡ್ಕೊಂಡು ಬಂದಿರ್ತಾರೆ ಪಾಪ. ಏನಾಯ್ತು ಅಂತ ನೀವೇ ಹೇಳಿ. ನಾನು ಹೇಳಲ್ಲ.”

ಅವನು ಎದ್ದು ಬಾಗಿಲು ತೆರೆದ. ಕನ್ನಡಕದವನು ಏದುಸಿರು ಬಿಡುತ್ತಿದ್ದ. ಕನ್ನಡಕಕ್ಕೆ ಹಬೆ ಕಟ್ಟಿತ್ತು. “ಅಡುಗೆಮನೆ ಪೂರ್ತಿ ನೋಡ್ದೆ ಭಾವ. ಡಬ್ಬ ಎಲ್ಲಾ ತೆಗೆಸಿದೆ. ಅವರು ಪಾಪ ಏನೂ ತಪ್ಪು ಮಾಡಿಲ್ಲ ಅನ್ಸುತ್ತೆ. ಆದ್ರೂ ಕರ್ಕೊಂಡು ಹೋಗಿದ್ದು ನಾನು. ತಪ್ಪು ನಂದೇ. ಇನ್ನು ನಿಮ್ಮ ತಂಟೆಗೆ ಬರಲ್ಲ, ನಾಳೆ ಬೇರೆ ಕಡೆ ರೂಮು ಮಾಡ್ತೀನಿ. ತಂಗಿಗೆ ಹೇಳ್ಬಿಡಿ.”

ಮೂರು ದಿನದಿಂದ ಅವನು ಹಗಲಿರುಳು ಬಯಸಿದ್ದು ಇದನ್ನೇ. ತಾನಾಗಿ ಬಂದು ಬಾಗಿಲಲ್ಲಿ ನಿಂತಿತ್ತು. ಆಯ್ತು ಹೋಗಿ ಬನ್ನಿ ಎಂದರೆ ಸಾಕಿತ್ತು, ಏನೂ ಅನ್ನದಿದ್ದರೂ ಸಾಕಿತ್ತು. ಬೆನ್ನ ಹಿಂದೆ ಮಂಚದ ಮೇಲೆ ಅವಳು ಕಾಯುತ್ತಿದ್ದಳು.

“ಅಲ್ಲಿಗೆ ಬರೋ ಮೊದ್ಲು ನಾನು ಬೇಕರೀಲಿ ಬನ್ನು ತಿಂದಿದ್ದೆ” ಎಂದ. “ಕೈ ತೊಳ್ದಿರಲಿಲ್ಲ.”

ಬೈಯಲಿ ಎಂದು ಅವನು ಕಾದ, ಹೊಡೆದರೂ ಆದೀತು ಎನಿಸಿತು.

“ತಂಗಿಗೆ ಗೊತ್ತಾ?”

“ಗೊತ್ತು.”

“ತಿನ್ನೋ ಮೊದ್ಲೇ ಗೊತ್ತಿತ್ತಾ?”

ಅವನು ಹೌದೆಂದು ತಲೆಯಾಡಿಸಿದ. ಕನ್ನಡಕದವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಅದಿಲ್ಲದ ಕಣ್ಣುಗಳು ಚಿಕ್ಕವಾಗಿ, ವಯಸ್ಸಾದಂತೆ ಕಂಡವು. ಮತ್ತೆ ಹಾಕಿಕೊಂಡು, ಅವನ ಹೆಗಲ ಮೇಲಿಂದ ಒಳಗೆ ನೋಡಿ, “ತಂಗಿ, ಚೂರು ಚೂರು ನೀರು ಕುಡೀತಿದೀಯಾ?” ಎಂದು ಕೇಳಿದ.

“ಕುಡೀತಿದೀನಿ ಅಣ್ಣ” ಎಂದಳು ಅವಳು. “ಒಳಗೆ ಬನ್ನಿ.”

ಅವನು ಬಾಗಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ.